ಗುಮಾಸ್ತರೊಬ್ಬರ ಕಲಾವಿಚಾರ

‘ಅರಾಜಕ’ ಎಂದರೆ ನಮ್ಮ ಅಕ್ಕಲಕೋಟೆ ಸೀಮೆಯಲ್ಲಿ, ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ, ಹೇಳುವವರು ಕೇಳುವವರು ಇಲ್ಲದ ಕಾರಭಾರ ಎಂದೇ ಅರ್ಥ. ಆದರೆ ಆ ಹೆಸರಿನ ಒಂದು ವಿಚಾರಪಂಥವೂ ಉಂಟು. ಮೇಲಿನವರ ಅಪ್ಪಣೆ ಇಲ್ಲದೆಯೂ ಜನರು ತಾವಾಗಿ ಕೂಡಿ ಬಾಳಬಲ್ಲರು ಎಂಬುದು ಅದರ ನಂಬಿಕೆ. ಅದನ್ನು ಒಪ್ಪಿದ್ದ ಇಂಗ್ಲೆಂಡಿನ ಲೇಖಕ ಹರ್ಬರ್ಟ್ ರೀಡ್ ಅವರ ಬಗ್ಗೆ ಇವತ್ತು ನಾಲ್ಕು ಮಾತು.

ಇವರು 1893ರಲ್ಲಿ ಯಾರ್ಕ್‌ಶೈರಿನ ಒಕ್ಕಲು ಮನೆಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಅನಾಥ ಮಕ್ಕಳ ಶಾಲೆ, ಆಮೇಲೆ ಲೀಡ್ಸ್ ಪಟ್ಟಣದ ಉಳಿತಾಯ ಬ್ಯಾಂಕಿನಲ್ಲಿ ಗುಮಾಸ್ತಿಕೆ. ನಾನೂ ಮೆಟ್ರಿಕ್ ಮುಗಿಸಿ ಬ್ಯಾಂಕಿನ ಲೆಡ್ಜರಿನ ಮುಂದೆಯೇ ತಲೆ ನರೆಸಿಕೊಂಡವನು. ಇವರ ಮೇಲೆ ನನಗೆ ತುಸು ಪಕ್ಷಪಾತ ಇದ್ದರೆ ನೀವು ಕ್ಷಮಿಸಬೇಕು.

ಕಲೆಯನ್ನು ಬದುಕಿನಿಂದ ಕಿತ್ತು, ಚೌಕಟ್ಟು ಹಾಕಿ, ಉಳ್ಳವರ ಗೋಡೆಗೆ ತೂಗುಹಾಕಿದ್ದೇ ತಪ್ಪು ಎಂದು ರೀಡ್ ವಾದಿಸಿದರು. ಕುಂಬಾರ, ಬಡಿಗ, ನೇಕಾರ ತಮ್ಮ ಕೆಲಸಕ್ಕೆ ತಾವೇ ಯಜಮಾನರಾಗಿದ್ದರೆ ‘ಸಂಸ್ಕೃತಿ’ ಎಂಬ ಬೇರೆ ಸರಕು ಏಕೆ ಬೇಕು? 1941ರ ಒಂದು ಪುಸ್ತಿಕೆಗೆ, ಈ ಸಂಸ್ಕೃತಿ ಹಾಳಾಗಿ ಹೋಗಲಿ ಎಂಬರ್ಥದ ಹೆಸರನ್ನೇ ಇಟ್ಟರು. ಓಟು ಹಾಕಿ ಬಂದರಷ್ಟೇ ಪ್ರಜಾಪ್ರಭುತ್ವವಾಗದು, ದುಡಿಯುವವನಿಗೆ ತನ್ನ ದುಡಿಮೆಯ ಮೇಲೆ ಮಾತು ಇರಬೇಕು ಎಂಬುದು ಅವರ ಅಭಿಪ್ರಾಯ.

ನಮ್ಮ ಅವ್ವ ಹಳೆಯ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದಳು. ಯಾವ ತುಂಡಿನ ಪಕ್ಕ ಯಾವ ತುಂಡು ಎಂದು ಯಾರನ್ನೂ ಕೇಳುತ್ತಿರಲಿಲ್ಲ. ನಾವೂ ಅದನ್ನು ಕಲೆ ಎನ್ನಲಿಲ್ಲ, ಹೊದ್ದು ಮಲಗಿದೆವು.

ಯುದ್ಧದ ದಿನಗಳಲ್ಲಿ ರೀಡ್ ಮಕ್ಕಳ ಚಿತ್ರಗಳನ್ನು ಪ್ರದರ್ಶನಕ್ಕೆಂದು ಆರಿಸುತ್ತಿದ್ದರು. ಐದು ವರ್ಷದ ಒಂದು ಹುಡುಗಿ, ಭೂಮಿಯನ್ನು ಸುತ್ತಿದ ಹಾವು ಮತ್ತು ಒಂದು ದೋಣಿ ಬರೆದಿದ್ದಳು. ಅದನ್ನು ಕಂಡು ಅವರು ಅಲುಗಾಡಿಹೋದರು. ಕಲೆಯ ಮೂಲಕವೇ ಶಿಕ್ಷಣ ಎಂಬ ಅವರ ದೊಡ್ಡ ಗ್ರಂಥ 1943ರಲ್ಲಿ ಹೊರಬಂತು. ಪ್ರತಿ ಮಗುವಿನ ಸ್ವಂತಿಕೆಯನ್ನು ಬೆಳೆಸುತ್ತಲೇ ಅದನ್ನು ನಾಲ್ಕು ಜನರ ಜೊತೆಗೂ ಹೊಂದಿಸಬೇಕು, ಎರಡೂ ಆಗಬೇಕು ಎಂದರು.

ಸರಕಾರವೇ ಬೇಡ ಎನ್ನುತ್ತಿದ್ದ ಇವರು 1953ರಲ್ಲಿ ‘ಸರ್’ ಪದವಿ ಸ್ವೀಕರಿಸಿದರು. ಸಂಗಾತಿಗಳು ಸಿಟ್ಟಾದರು. ನನಗೂ ಅದು ಸರಿ ಕಾಣುವುದಿಲ್ಲ. ಆದರೆ ಒಂದು ನಮೂದು ತಪ್ಪಿತೆಂದು ಇಡೀ ಲೆಡ್ಜರ್ ಸುಡುತ್ತೇವೆಯೇ?

ಮೊನ್ನೆ ನನ್ನ ಮೊಮ್ಮಗಳು ಎತ್ತಿಗೆ ನೀಲಿ ಬಣ್ಣ ಹಚ್ಚಿದ್ದಳು. “ನೀಲಿ ಎತ್ತು ಎಲ್ಲಿ ನೋಡೀದಿ?” ಎಂದು ಗದರಿಸಿ, ಬೇರೆ ಹಾಳೆ ಕೊಟ್ಟೆ. ಅವಳು ನಾನು ಹೇಳಿದಂತೆ ಬಿಳಿ ಎತ್ತು ಬರೆದಳು. ಆಮೇಲೆ ಮೆಲ್ಲಗೆ, “ಅಜ್ಜಾ, ಅದು ರಾತ್ರ್ಯಾಗಿನ ಎತ್ತು ಇತ್ತು” ಎಂದಳು. ಮುದುರಿ ಎಸೆದಿದ್ದ ಹಾಳೆಯನ್ನು ಹುಡುಕಿ, ಕೈಯಿಂದ ಸವರಿ, ನನ್ನ ಪಾಸ್‌ಬುಕ್ಕಿನೊಳಗೆ ಇಟ್ಟಿದ್ದೇನೆ.