ಕಂಡದ್ದನ್ನು ಕಂಡಂತೆ ನೆನೆಯುವುದು



ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ, ಉಣಕಲ್ ಕೆರೆಯ ಹತ್ತಿರ ನೀವು ಬಸ್ಸಿಗಾಗಿ ಕಾಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಕಣ್ಣೆದುರಿಗೇ ಲಾರಿಯೊಂದು ಬೈಕಿಗೆ ತಾಗುತ್ತದೆ, ಸವಾರ ಬೀಳುತ್ತಾನೆ, ಲಾರಿ ನಿಲ್ಲದೆ ಹೋಗಿಬಿಡುತ್ತದೆ. ಎರಡು ನಿಮಿಷದಲ್ಲಿ ಜನ ಸೇರುತ್ತಾರೆ. "ಲಾರಿ ಭಾಳ ಜೋರ ಬಂತಲ್ಲ್ರೀ?" ಎನ್ನುತ್ತಾರೆ ಒಬ್ಬರು. "ಕೆಂಪು ಲಾರಿ ಅಲ್ಲೇನ್ರಿ?" ಎನ್ನುತ್ತಾರೆ ಇನ್ನೊಬ್ಬರು. ಸಂಜೆ ಪೊಲೀಸರು ನಿಮ್ಮನ್ನು ವಿಚಾರಿಸುವಾಗ ನೀವೂ "ಕೆಂಪು ಲಾರಿ" ಎನ್ನುತ್ತೀರಿ. ಅದು ಕಣ್ಣು ಕಂಡದ್ದೋ, ಕಿವಿ ಕೇಳಿದ್ದೋ? ಒಬ್ಬ ಚಾಲಕನ ಸೆರೆವಾಸವೂ ಗಾಯಾಳುವಿನ ಮನೆಯವರಿಗೆ ಸಿಗುವ ಪರಿಹಾರವೂ ಆ ಒಂದು ಮಾತಿನ ಮೇಲೆ ನಿಂತಿರಬಹುದು.

ಕ್ಯಾಮೆರಾ ಹಿಡಿದ ಚಿತ್ರವನ್ನು ಎಷ್ಟು ಸಲ ಹಾಕಿ ನೋಡಿದರೂ ಅದು ಬದಲಾಗುವುದಿಲ್ಲ. ದೃಶ್ಯಗಳ ನಡುವೆಯೇ ಕೆಲಸ ಮಾಡುವ ನನ್ನಂಥವರಿಗೆ ನೆನಪೂ ಹಾಗೆಯೇ ಎನ್ನಿಸುವುದು ಸಹಜ. ವಿಜ್ಞಾನ ಬೇರೆಯದನ್ನೇ ಹೇಳುತ್ತದೆ. ನೆನೆದಾಗಲೆಲ್ಲ ಮೆದುಳು ಘಟನೆಯನ್ನು ಹೊಸದಾಗಿ ಜೋಡಿಸುತ್ತದೆ. ಬಿಟ್ಟುಹೋದ ಕಡೆ ಊಹಿಸಿದ್ದನ್ನೂ ಕೇಳಿದ್ದನ್ನೂ ತುಂಬುತ್ತದೆ.

1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಮನೋವಿಜ್ಞಾನಿಗಳು ಇದನ್ನು ಪರೀಕ್ಷಿಸಿದರು. ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಕಿರುಚಿತ್ರ ತೋರಿಸಿ, 50 ಮಂದಿಗೆ "ಕಾರುಗಳು ತಾಗಿದಾಗ ವೇಗ ಎಷ್ಟಿತ್ತು?" ಎಂದೂ, ಇನ್ನು 50 ಮಂದಿಗೆ "ಅಪ್ಪಳಿಸಿ ನುಜ್ಜುಗುಜ್ಜಾದಾಗ ಎಷ್ಟಿತ್ತು?" ಎಂದೂ ಕೇಳಿದರು. ವಾರದ ನಂತರ ಕರೆಸಿ, ಒಡೆದ ಗಾಜು ಕಂಡಿತ್ತೆ ಎಂದರು. ಮೊದಲ ಗುಂಪಿನಲ್ಲಿ 7 ಮಂದಿ, ಎರಡನೆಯದರಲ್ಲಿ 16 ಮಂದಿ ಹೌದೆಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ! ಪ್ರಶ್ನೆಯ ಒಂದು ಕ್ರಿಯಾಪದ ಗಾಜನ್ನು ಸೃಷ್ಟಿಸಿತ್ತು.

ಹಾಗಾದರೆ ನೆನಪನ್ನು ಕೆಡಿಸದೆ ಹೊರತೆಗೆಯುವುದು ಹೇಗೆ? 1980ರ ದಶಕದಲ್ಲಿ ರೊನಾಲ್ಡ್ ಫಿಶರ್ ಮತ್ತು ಎಡ್ವರ್ಡ್ ಗೈಸಲ್‌ಮನ್ ಇದಕ್ಕೊಂದು ಕ್ರಮ ರೂಪಿಸಿದರು. ಕಾಗ್ನಿಟಿವ್ ಇಂಟರ್‌ವ್ಯೂ ಎಂದು ಅದರ ಹೆಸರು. ಅದಕ್ಕೆ ಯಂತ್ರ ಬೇಡ, ತಾಳ್ಮೆ ಬೇಕು.

ಮೊದಲು ಸಾಕ್ಷಿಯನ್ನು ಮನಸ್ಸಿನಲ್ಲೇ ಆ ಜಾಗಕ್ಕೆ ಕರೆದೊಯ್ಯಬೇಕು. ಎಲ್ಲಿ ನಿಂತಿದ್ದಿರಿ? ಬಿಸಿಲು ಎತ್ತ ಕಡೆಯಿಂದ ಬೀಳುತ್ತಿತ್ತು? ಕೈಯಲ್ಲೇನಿತ್ತು? ಪಕ್ಕದಲ್ಲಿ ಮಿರ್ಚಿ ಕರಿಯುವ ವಾಸನೆ ಇತ್ತೆ ಎಂದು ಕೇಳಬಾರದು, "ಏನಾದರೂ ವಾಸನೆ, ಸದ್ದು ನೆನಪಿದೆಯೆ?" ಎಂದು ಕೇಳಬೇಕು. ಸಂದರ್ಭದ ಒಂದು ಎಳೆ ಸಿಕ್ಕರೆ ಅದಕ್ಕಂಟಿಕೊಂಡ ಇನ್ನೊಂದು ಹೊರಬರುತ್ತದೆ. ಕಣ್ಣು ಮುಚ್ಚಿಕೊಂಡರೆ ಸುತ್ತಲಿನ ಗಲಾಟೆ ತಪ್ಪಿ ಇನ್ನೂ ಅನುಕೂಲ. ಆಮೇಲೆ, "ಏನೇನು ಕಂಡಿತು, ಸಣ್ಣದಾದರೂ ಬಿಡದ ಹೇಳ್ರಿ" ಎಂದು ಸುಮ್ಮನಾಗಬೇಕು. ಈ ಸುಮ್ಮನಿರುವುದೇ ಕಷ್ಟ. ಅಪಘಾತದ ಜಾಗದಲ್ಲಿ ಮೈಕು ಹಿಡಿದು "ಗಾಬರಿಯಾಯ್ತಾ? ಡ್ರೈವರ್ ಕುಡಿದಿದ್ನಾ?" ಎಂದು ಮೇಲಿಂದ ಮೇಲೆ ಕೇಳುವವರನ್ನು ನೀವು ನೋಡಿಯೇ ಇದ್ದೀರಿ.

ಒಮ್ಮೆ ಹೇಳಿ ಮುಗಿದ ಮೇಲೆ ಕೊನೆಯಿಂದ ಮೊದಲಿಗೆ, ಅಂದರೆ ಲಾರಿ ಮರೆಯಾದದ್ದರಿಂದ ಹಿಂದಕ್ಕೆ ಹೇಳಿಸಬಹುದು. 'ಲಾರಿ ಎಂದ ಮೇಲೆ ಜೋರಾಗಿಯೇ ಬಂದಿರಬೇಕು' ಎಂಬ ರೂಢಿಯ ಕಥೆ ಅಲ್ಲಿ ತುಂಡಾಗುತ್ತದೆ. ಬೇರೊಬ್ಬರು ನಿಂತ ಜಾಗದಿಂದ ಏನು ಕಂಡೀತು ಎಂದು ಕೇಳುವ ಉಪಾಯವೂ ಮೂಲ ಕ್ರಮದಲ್ಲಿತ್ತು. ಅದು ಊಹೆಗೆ ದಾರಿಯಾದೀತೆಂದು ಅನೇಕರು ಕೈಬಿಟ್ಟಿದ್ದಾರೆ, ಸರಿಯೂ ಹೌದು. ಈ ಕ್ರಮದಿಂದ ಸರಿಯಾದ ವಿವರಗಳು ಸಾಕಷ್ಟು ಹೆಚ್ಚುತ್ತವೆ. ತಪ್ಪು ವಿವರಗಳೂ ತುಸು ಹೆಚ್ಚುತ್ತವೆ ಎಂಬುದನ್ನು ಮರೆಯಬಾರದು.

ನೆನಪನ್ನು ಬಲವಂತದಿಂದ ತೆಗೆಯುವ ದಾರಿಯೂ ಉಂಟಷ್ಟೆ. ಮಂಪರು ಪರೀಕ್ಷೆ ಒಂದು ಕಾಲಕ್ಕೆ ನಮ್ಮ ರಾಜ್ಯದಲ್ಲಿ ಬಹಳ ಸುದ್ದಿ ಮಾಡಿತ್ತು. ಔಷಧದ ಅಮಲಿನಲ್ಲಿ ನಿಜವೂ ಕಲ್ಪನೆಯೂ ಕೂಡಿಯೇ ಬರುತ್ತವೆ. 2010ರ ಮೇ 5ರಂದು, 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ, ಯಾರನ್ನೂ ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆಗೆ ಒಳಪಡಿಸಕೂಡದೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಇನ್ನು ನಿಮ್ಮ ಕೆಲಸ. ಧಾರವಾಡದಲ್ಲಿ ಈಗ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣವೇ ಇದೆ. ರಕ್ತದ ಕಲೆಯನ್ನು ಬರಿಗೈಯಲ್ಲಿ ಮುಟ್ಟಬಾರದೆಂದು ಅಲ್ಲಿನ ವಿದ್ಯಾರ್ಥಿಗಳಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನೆನಪೂ ಅಂಥದೇ ಸಾಕ್ಷ್ಯ, ಅದನ್ನು ಮಾತ್ರ ಎಲ್ಲರೂ ಮುಟ್ಟುತ್ತಾರೆ. ಆದ್ದರಿಂದ ಗಾಯಾಳುವಿಗೆ ಮೊದಲು ನೆರವಾಗಿ. ಸದುದ್ದೇಶದಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ರಕ್ಷಣೆಯಿದೆ. ನಂತರ, ಯಾರೊಡನೆಯೂ ಚರ್ಚಿಸುವ ಮುನ್ನ, ಕಂಡದ್ದನ್ನು ನೋಟುಬುಕ್ಕಿನಲ್ಲಿ ಬರೆದಿಡಿ. ಘಟನೆಯ ಬೆನ್ನಿಗೇ ತಾನು ಬರೆದದ್ದನ್ನು ನೋಡಿ ಸಾಕ್ಷಿಯು ನ್ಯಾಯಾಲಯದಲ್ಲಿ ನೆನಪನ್ನು ತಾಜಾ ಮಾಡಿಕೊಳ್ಳಲು 1872ರ ಸಾಕ್ಷ್ಯ ಕಾಯ್ದೆ ಅವಕಾಶ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಕೊಡುತ್ತದೆ. ದಿನಾಂಕ, ವೇಳೆ, ನಿಂತ ಜಾಗ ನಮೂದಿಸಿ ಸಹಿ ಮಾಡಿ. ಕೇಳಿ ತಿಳಿದದ್ದನ್ನು ಬೇರೆಯಾಗಿ ಬರೆಯಿರಿ. ಲಾರಿಯ ಬಣ್ಣ ನೆನಪಿಲ್ಲವಾದರೆ 'ನೆನಪಿಲ್ಲ' ಎಂದೇ ಬರೆಯಿರಿ.