ಹಳೇ ಕಾಗದ ಓದುವ ಬಗೆ

(ಬೆಳ್ಳಿಹಬ್ಬದ ಸಭೆಯಲ್ಲಿ ಚರಿತ್ರೆ ಸಮಿತಿಯ ಪರವಾಗಿ ಮಾಡಿದ ಭಾಷಣ)



ಸಂಘದ ಇಪ್ಪತ್ತೈದು ವರ್ಷದ ಚರಿತ್ರೆ ಬರೆದುಕೊಡಿ ಅಂತ ನಮಗೆ ಹೇಳಿದಿರಿ. ನಡಾವಳಿ ಪುಸ್ತಕ ನೋಡಿ ಬರೆದರಾಯ್ತು, ಅದರಲ್ಲೇನು ಮಹಾ ಎಂದುಕೊಂಡು ಕೂತೆವು. ಕೂತ ಮೇಲೆ ತಿಳಿಯಿತು, ಕಾಗದ ಓದುವುದೂ ಒಂದು ವಿದ್ಯೆ.

ಜಾನ್ ಸ್ಕಾಟ್ ಎಂಬ ಬ್ರಿಟಿಷ್ ಸಮಾಜಶಾಸ್ತ್ರಜ್ಞರು 1990ರ ತಮ್ಮ ಪುಸ್ತಕದಲ್ಲಿ ದಾಖಲೆಗಳಿಗೆ ನಾಲ್ಕು ಪರೀಕ್ಷೆ ಹೇಳಿದ್ದಾರೆ. ಕಾಗದ ಅಸಲಿಯೇ? ಬರೆದದ್ದು ನಂಬತಕ್ಕದ್ದೇ? ಇಂಥವು ಎಷ್ಟಿದ್ದವು, ಉಳಿದದ್ದೆಷ್ಟು? ಬರೆದ ಮಾತಿನ ಅರ್ಥವೇನು? ಈ ನಾಲ್ಕನ್ನೂ ನಮ್ಮ ಪುಸ್ತಕಗಳಿಗೆ ಹಚ್ಚಿ ನೋಡಿದೆವು.

ಠರಾವುಗಳಲ್ಲೆಲ್ಲ 'ಸರ್ವಾನುಮತದಿಂದ' ಎಂದೇ ಇದೆ. ಹಿರಿಯರನ್ನು ಕೇಳಿದರೆ, "ಅವತ್ತು ದೀಪ ಹಚ್ಚೋ ತನಕ ಜಗಳ ಆಗಿತ್ತಪ್ಪ" ಅಂತ ನಗುತ್ತಾರೆ. ಅಂದರೆ ಆ ಮಾತಿಗೆ ಎಲ್ಲರೂ ಒಪ್ಪಿದರು ಎಂದಲ್ಲ, ಜಗಳ ಮುಗಿಯಿತು ಎಂದರ್ಥ! ಷೇರು ಪುಸ್ತಕದಲ್ಲಿ ತಾಯಂದಿರ ಹೆಸರಿದೆ, ನಡಾವಳಿಯಲ್ಲಿ ಅವರ ಒಂದು ಮಾತೂ ಇಲ್ಲ. ಒಂದು ವರ್ಷದ ಪುಸ್ತಕ ಗೆದ್ದಲು ತಿಂದಿದೆ. ಆ ವರ್ಷದ ಬಗ್ಗೆ ಊಹೆ ಮಾಡದೆ, ಪುಸ್ತಕ ಇಲ್ಲ ಎಂದೇ ಬರೆದೆವು.

ಸುಸ್ತಿದಾರರ ಪಟ್ಟಿಯಲ್ಲಿ ತೀರಿಹೋದ ಹಿರಿಯರೊಬ್ಬರ ಹೆಸರಿತ್ತು. 'ಸಂಘದ ಸಾಲ ಮುಳುಗಿಸಿದರು' ಅನ್ನೋ ಮಾತನ್ನು ಆ ಮನೆಯವರು ವರ್ಷಗಟ್ಟಲೆ ಕೇಳಿದ್ದಾರೆ. ನಮ್ಮಲ್ಲೂ ಕೆಲವರು ಆಡಿದ್ದುಂಟು. ಹಳೇ ರಶೀದಿ ಪುಸ್ತಕ ತೆಗೆದು ನೋಡಿದರೆ, ಅವರು ಅಸಲು ಬಡ್ಡಿ ಎರಡೂ ಕಟ್ಟಿದ್ದಾರೆ. ನಗದು ಪುಸ್ತಕದಲ್ಲೂ ಅದೇ ದಿನ ಅದೇ ಮೊತ್ತ ಜಮಾ ಇದೆ. ಪಟ್ಟಿ ಮಾಡಿದ್ದು ಅದಕ್ಕೆ ಮೊದಲು. ಆಮೇಲೆ ಯಾರೂ ತಾಳೆ ನೋಡದೆ ವರ್ಷ ವರ್ಷ ಅದನ್ನೇ ನಕಲು ಮಾಡುತ್ತ ಬಂದೆವು.

ಹಳೇ ಪಟ್ಟಿಯನ್ನು ನಾವು ತಿದ್ದಲಿಲ್ಲ. ದಾಖಲೆ ತಿದ್ದಬಾರದು. ಸಾಲ ತೀರಿದ್ದನ್ನು ರಶೀದಿ ನಂಬರು ಸಹಿತ ಚರಿತ್ರೆಯಲ್ಲಿ ಬರೆದಿದ್ದೇವೆ. ಆ ಮನೆಯವರಲ್ಲಿ ಈ ಸಭೆಯ ಮುಂದೆ ಕ್ಷಮೆ ಕೇಳುತ್ತೇವೆ.

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಲೆಕ್ಕ ಕಂಪ್ಯೂಟರಿಗೆ ಹೋಗಲಿ, ಸಂತೋಷ. ಆದರೆ ತಪ್ಪು ಪಟ್ಟಿ ಹಾಕಿದರೆ ಕಂಪ್ಯೂಟರೂ ತಪ್ಪನ್ನೇ ಹೇಳುತ್ತದೆ. ಆದ್ದರಿಂದ ಹಳೇ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಬೇವಿನೆಲೆ ಇಟ್ಟು ಬೀರುವಿನಲ್ಲಿ ಕಾಪಾಡಿ. ಯಾರದೋ ಮನೆಯ ಮರ್ಯಾದೆ ಅದರೊಳಗೆ ಇದ್ದೀತು.