ದರ್ಜಿಯ ಬೆಕ್ಕು ಪೇಟೆ ಸುತ್ತಿದ ರಾತ್ರಿ
(ಗುಡ್ನಾಪುರದಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ಹೇಳಿದ ಮಾತು)



ಉಳಿತಾಯ, ಸಾಲ, ಬಡ್ಡಿ ಲೆಕ್ಕ ಎಲ್ಲ ಮುಗಿಯಿತು. ಈಗ ಮಕ್ಕಳ ಚಿತ್ರದ ಪುಸ್ತಕದ ಬಗ್ಗೆ ಸ್ವಲ್ಪ ಹೇಳ್ತೇನೆ. "ನಮಗೇ ಓದಲು ಸರಿಯಾಗಿ ಬರುವುದಿಲ್ಲ, ಪುಸ್ತಕ ಯಾಕೆ ಸಿಸ್ಟರ್?" ಅಂತ ಕೆಲವರು ಕೇಳ್ತೀರಿ. ಅಂಥವರಿಗಾಗಿಯೇ ಈ ಮಾತು.

ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಎಂಬಾಕೆ 1901ರ ಕ್ರಿಸ್‌ಮಸ್‌ಗೆ, ಕಾಯಿಲೆಯಲ್ಲಿದ್ದ ಒಬ್ಬ ಹುಡುಗಿಗೆ ಕೊಡಲಿಕ್ಕೆಂದು ಕಥೆ ಬರೆದು ತಾನೇ ಚಿತ್ರ ಬಿಡಿಸಿದಳು. 1903ರಲ್ಲಿ ಅದು 'ಗ್ಲಾಸ್ಟರ್‌ನ ದರ್ಜಿ' ಎಂಬ ಪುಸ್ತಕವಾಗಿ ಮಾರಾಟಕ್ಕೆ ಬಂತು. ಕಥೆಯಲ್ಲಿ ಒಬ್ಬ ಬಡ ದರ್ಜಿ. ಕ್ರಿಸ್‌ಮಸ್ ದಿನ ನಗರದ ಮೇಯರ್‌ಗೆ ಮದುವೆ, ಅವನ ಕೋಟು ಹೊಲಿಯಬೇಕು. ಕೈಯಲ್ಲಿ ಉಳಿದದ್ದು ನಾಲ್ಕೇ ಪೆನ್ನಿ. ಅದನ್ನು ಬೆಕ್ಕಿನ ಕೈಲಿ ಕೊಟ್ಟು ತಿನ್ನಲಿಕ್ಕೆ ಏನಾದರೂ, ಜೊತೆಗೆ ಕಾಜಾ ಹೊಲಿಯುವ ರೇಷ್ಮೆ ದಾರ ತರಲಿಕ್ಕೆ ಕಳಿಸ್ತಾನೆ. ಅಷ್ಟರಲ್ಲಿ, ಬೆಕ್ಕು ಕಪ್ಪುಗಳ ಅಡಿ ಮುಚ್ಚಿಟ್ಟಿದ್ದ ಇಲಿಗಳನ್ನು ಬಿಟ್ಟುಬಿಡ್ತಾನೆ. ಬೆಕ್ಕಿಗೆ ಸಿಟ್ಟು! ದಾರ ಅಡಗಿಸಿಡ್ತದೆ. ದರ್ಜಿ ಜ್ವರದಿಂದ ಮಲಗಿಬಿಡ್ತಾನೆ.

ಕ್ರಿಸ್‌ಮಸ್ ಹಿಂದಿನ ರಾತ್ರಿ ಹಸಿದ ಬೆಕ್ಕು ಹಿಮ ಬಿದ್ದ ಬೀದಿಗಳಲ್ಲಿ ಒಂಟಿಯಾಗಿ ಅಲೆಯುತ್ತದೆ. ಆ ರಾತ್ರಿ ಪ್ರಾಣಿಗಳೆಲ್ಲ ಮಾತಾಡ್ತವೆ ಅಂತ ಅಲ್ಲಿಯ ಹಳೇ ನಂಬಿಕೆ. ನೋಡಿದರೆ ದರ್ಜಿಯ ಅಂಗಡಿಯಲ್ಲಿ ದೀಪ. ಇಲಿಗಳು ಕೂತು ಕೋಟು ಹೊಲೀತಾ ಇವೆ! ಬೆಕ್ಕು ನಾಚಿಕೊಂಡು ಮನೆಗೆ ಬಂದು ದಾರ ಕೊಡ್ತದೆ. ಬೆಳಿಗ್ಗೆ ನೋಡಿದರೆ 21 ಕಾಜಾಗಳಲ್ಲಿ ಒಂದೇ ಬಾಕಿ, ದಾರ ಸಾಲದೆ.

ನಿಮ್ಮಲ್ಲಿ ಹೊಲಿಗೆ ಮಷಿನ್ ಸಾಲ ತೆಗೊಂಡವರಿಗೆ ಈ ಒಂದು ಕಾಜಾದ ಸಂಕಟ ನಾನು ಹೇಳಬೇಕಾಗಿಲ್ಲ. ಅಂದ ಹಾಗೆ, ಗ್ಲಾಸ್ಟರ್‌ನಲ್ಲಿ ನಿಜವಾಗಿಯೂ ಅಂಥ ದರ್ಜಿ ಇದ್ದ. ರಾತ್ರಿ ಹೊಲಿದು ಮುಗಿಸಿದ್ದು ಅವನ ಸಹಾಯಕರು.

ಈಗ ಮುಖ್ಯ ವಿಷಯ. ಈ ಕಥೆ ಹೇಳಲು ಅಕ್ಷರವೇ ಬೇಕು ಅಂತಿಲ್ಲ. ಬೆಕ್ಕಿನ ಮುಖ ತೋರಿಸಿ, "ಇದಕ್ಕೆ ಏನಾಗಿದೆ?" ಅಂತ ಕೇಳಿ. ಆಮೇಲೆ ಸುಮ್ಮನಿರಿ, ಮಗು ಹೇಳಲಿ. ನಾವು ಅವಸರದಲ್ಲಿ ಉತ್ತರ ನಾವೇ ಹೇಳಿಬಿಡ್ತೇವೆ, ಇಲ್ಲವೇ "ನೀತಿ ಏನು ಹೇಳು" ಅಂತ ಗದರುತ್ತೇವೆ. ಅದು ನನಗೆ ಸ್ವಲ್ಪವೂ ಸೇರುವುದಿಲ್ಲ. ಯಲ್ಲಾಪುರ ಕಡೆಯ ಸಿದ್ದಿ ಮನೆಗಳಲ್ಲಿ ಕೊಂಕಣಿ, ಗೌಳಿ ಮನೆಗಳಲ್ಲಿ ಮರಾಠಿ. ಶಾಲೆಯಲ್ಲಿ ಒಮ್ಮೆಲೇ ಕನ್ನಡ. ಆ ಮಗು ಬಾಯಿ ಮುಚ್ಚಿ ಕೂತರೆ ದಡ್ಡ ಅಂತ ಹೆಸರು. ಚಿತ್ರಕ್ಕೆ ಆ ಜಗಳವಿಲ್ಲ. ತಾಯಿ ತನ್ನ ಮಾತಿನಲ್ಲೇ ಕಥೆ ಹೇಳಬಹುದು.

ಪುಸ್ತಕಕ್ಕೆ ದುಡ್ಡಿಲ್ಲ ಎನ್ನಬೇಡಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯ್ತಿ ಗ್ರಂಥಾಲಯದ ಸದಸ್ಯತ್ವ ಉಚಿತ ಮಾಡಿದರು. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳನ್ನು ಮೊಬೈಲ್‌ನಲ್ಲೇ ಪುಕ್ಕಟೆ ನೋಡಬಹುದು. ಆದರೆ ಮೊಬೈಲ್ ಮಗುವಿನ ಕೈಗೆ ಕೊಟ್ಟು ನೀವು ಕೊಟ್ಟಿಗೆಗೆ ಹೋದರೆ ಏನೂ ಪ್ರಯೋಜನವಿಲ್ಲ, ಹತ್ತಿರ ಕೂತುಕೊಳ್ಳಿ.

ಹಿಮ ಗೊತ್ತಿಲ್ಲದಿದ್ದರೆ ಬೇಡ. ಗುಡ್ನಾಪುರ ಕೆರೆಯ ಬೆಳ್ಳಕ್ಕಿ ಶಿರಸಿ ಮಾರಿಕಾಂಬಾ ಜಾತ್ರೆಗೆ ಹೊರಟರೆ ಏನೇನು ಕಂಡೀತು? ಇವತ್ತು ರಾತ್ರಿ ಮಕ್ಕಳನ್ನು ಕೇಳಿ. ಅವರು ಹೇಳಿದ್ದನ್ನು ಮುಂದಿನ ವಾರದ ಸಭೆಯಲ್ಲಿ ನನಗೂ ಹೇಳಿ.